‘ನನ್ನ ಫೋಟೊ ಬ್ಯಾಡ್ರಿ’ ಎಂದವರ ಮಾತು

ಕೆಲವು ವರ್ಷಗಳ ಹಿಂದೆ ವಿಜಯಪುರದ ನಮ್ಮ ಕಾಲೇಜಿನಲ್ಲಿ ಗ್ರಂಥಪಾಲಕರಿಗಾಗಿ ಎರಡು ದಿನಗಳ ಕಾರ್ಯಾಗಾರವನ್ನು ಏರ್ಪಡಿಸಿದ್ದೆವು. ಮೊದಲ ದಿನ ಬೆಳಿಗ್ಗೆ ನೋಂದಣಿ ಮೇಜಿನ ಸುತ್ತ ಉಪ್ಪಿಟ್ಟು, ಚಹಾದ ಗದ್ದಲ ಇನ್ನೂ ಇಳಿದಿರಲಿಲ್ಲ. ತಾಲ್ಲೂಕು ಸ್ಥಳವೊಂದರಿಂದ ಬಂದಿದ್ದ ಗ್ರಂಥಪಾಲಕಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, “ಸರ, ನನ್ನ ಫೋಟೊ ಎಲ್ಲೂ ಬರೂದು ಬ್ಯಾಡ್ರಿ” ಎಂದರು. “ಆತ್ರಿ ಮೇಡಮ್, ನಾ ನೋಡ್ಕೋತೀನಿ” ಎಂದೆ. ಹಾಗೆ ಹೇಳುವಾಗ ಮಾತು ಉಳಿಸಿಕೊಳ್ಳುವ ಮನಸ್ಸು ನನಗೆ ನಿಜವಾಗಿಯೂ ಇತ್ತು. ಆದರೆ ಅದನ್ನು ಉಳಿಸಿಕೊಳ್ಳಲು ಮಾಡಬೇಕಾಗಿದ್ದ ಕೆಲಸಗಳಲ್ಲಿ ಒಂದನ್ನೂ ನಾನು ಮಾಡಲಿಲ್ಲ. ಸ್ಟುಡಿಯೊದಿಂದ ಕರೆಸಿದ್ದ ಫೋಟೊಗ್ರಾಫರರಿಗೆ ಹೇಳಲಿಲ್ಲ, ಮೊಬೈಲ್ ಹಿಡಿದು ಓಡಾಡುತ್ತಿದ್ದ ವಿದ್ಯಾರ್ಥಿ ಸ್ವಯಂಸೇವಕರಿಗೆ ಹೇಳಲಿಲ್ಲ, ಪತ್ರಿಕೆಗಳಿಗೆ ವರದಿ ಕಳಿಸುವ ಸಹೋದ್ಯೋಗಿಗೂ ಹೇಳಲಿಲ್ಲ. ನನ್ನ ನೆನಪಿನಲ್ಲಿದ್ದರೆ ಸಾಕು ಎಂದುಕೊಂಡೆ.

ಅಂದು ಮಧ್ಯಾಹ್ನ ಅವರು ಮಾತನಾಡಿದರು. ಅರಿವು ಕೇಂದ್ರಗಳೆಂದು ಕರೆಯುವ ಹಳ್ಳಿಯ ಗ್ರಂಥಾಲಯಗಳಿಗೆ ಬರುವ ಮಕ್ಕಳಿಗೆ ಪುಸ್ತಕಗಳನ್ನು ವಿಷಯವಾರು ಜೋಡಿಸಿಡುವುದಕ್ಕಿಂತ ಅವರು ಕೇಳುವ ಪ್ರಶ್ನೆಗಳಿಗೆ ತಕ್ಕಂತೆ ಜೋಡಿಸಿಟ್ಟರೆ ಹೇಗೆ ಎಂಬುದು ಅವರ ವಿಷಯ. ‘ಹಾವಿಗೆ ಕಿವಿ ಅದಾವೇನ್ರಿ’ ಎಂದು ಕೇಳಿಕೊಂಡು ಬಂದ ಹುಡುಗನಿಗೆ ಪ್ರಾಣಿಶಾಸ್ತ್ರದ ಕಪಾಟನ್ನು ತೋರಿಸಿದರೆ ಅವನು ಹಿಂದಕ್ಕೆ ಹೋಗುತ್ತಾನೆ ಎಂದು ಅವರು ವಿವರಿಸಿದ ರೀತಿ ನನಗೆ ಈಗಲೂ ನೆನಪಿದೆ. ಎರಡು ದಿನಗಳಲ್ಲಿ ಅಷ್ಟು ಉಪಯುಕ್ತವಾದ ಮಾತು ಮತ್ತೊಂದು ಬರಲಿಲ್ಲ.

ಎರಡನೆಯ ದಿನ ಸಮಾರೋಪ ಮುಗಿದ ಕೂಡಲೇ, ರೂಢಿಯಂತೆ, ಎಲ್ಲರೂ ಕಾಲೇಜಿನ ಮೆಟ್ಟಿಲುಗಳ ಮೇಲೆ ಗ್ರೂಪ್ ಫೋಟೊಕ್ಕೆ ನಿಂತರು. ಅವರು ದೂರದ ಬೇವಿನ ಮರದ ನೆರಳಿನಲ್ಲಿ ತಮ್ಮ ಚೀಲ ಹಿಡಿದುಕೊಂಡು ನಿಂತಿದ್ದರು. ಅತಿಥಿಗಳೊಬ್ಬರು, “ಬರ್ರಿ ಮೇಡಮ್, ಒಂದ ಫೋಟೊಕ್ಕ ಏನಾಕ್ಕೈತಿ” ಎಂದು ಕೂಗಿದರು. ಅವರು ಕೈ ಮಾಡಿ ಬೇಡವೆಂದರು. ಇಬ್ಬರು ಸಹೋದ್ಯೋಗಿನಿಯರು ಇಳಿದು ಹೋಗಿ, “ಯಾಕ್ರಿ ನಾಚ್ಕೋತೀರಿ” ಎನ್ನುತ್ತ ಕೈ ಹಿಡಿದು ಕರೆತಂದು ಎರಡನೆಯ ಸಾಲಿನ ತುದಿಯಲ್ಲಿ ನಿಲ್ಲಿಸಿದರು. ಮುಂದಿನ ಸಾಲಿನ ಕುರ್ಚಿಯಲ್ಲಿ ಅತಿಥಿಗಳ ಪಕ್ಕ ಕುಳಿತಿದ್ದ ನನಗೆ ಇದೆಲ್ಲವೂ ಕೇಳಿಸಿತು. ಎದ್ದು ನಿಂತು ಒಂದು ಮಾತು ಹೇಳಿದ್ದರೆ ಸಾಕಾಗುತ್ತಿತ್ತು. ಹಿರಿಯರ ಮುಂದೆ ಗಡಿಬಿಡಿ ಬೇಡವೆಂದು ನಾನು ಕ್ಯಾಮೆರಾದ ಕಡೆಗೆ ನೋಡುತ್ತ ಕುಳಿತೆ.

ರಾತ್ರಿ ಎಂಟೂವರೆಯ ಸುಮಾರಿಗೆ ಅವರ ಕರೆ ಬಂತು. ಆ ಹೊತ್ತಿಗಾಗಲೇ ಫೋಟೊ ಕಾರ್ಯಾಗಾರದ ವಾಟ್ಸ್ಆ್ಯಪ್ ಗುಂಪಿನಲ್ಲಿತ್ತು, ಕಾಲೇಜಿನ ಫೇಸ್‌ಬುಕ್ ಪುಟದಲ್ಲಿತ್ತು, ಪತ್ರಿಕಾ ಪ್ರಕಟಣೆಯ ಜೊತೆ ಊರಿನ ವರದಿಗಾರರಿಗೂ ಹೋಗಿತ್ತು. ಅವರು ಸಿಟ್ಟಾಗಲಿಲ್ಲ. “ಸರ, ನಾ ಮೊದಲ ಹೇಳಿದ್ದೆ ಅಲ್ರಿ” ಎಂದಷ್ಟೇ ಹೇಳಿ ಸುಮ್ಮನಾದರು. ನನಗೆ ಉತ್ತರ ಹೊಳೆಯಲಿಲ್ಲ.

ಅಂದಿನ ರಾತ್ರಿ ನಾನು ಕಲಿತದ್ದನ್ನು ಬರೆಯಬೇಕು, ಏಕೆಂದರೆ ‘ಬೇಕಾದರೆ ಆಮೇಲೆ ತೆಗೆಸಿದರಾಯಿತು’ ಎಂದು ನಂಬಿರುವ ಸಂಘಟಕರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಫೇಸ್‌ಬುಕ್ ಪುಟದಿಂದ ತೆಗೆಸುವುದು ಹತ್ತು ನಿಮಿಷದ ಕೆಲಸವಾಯಿತು, ಆದರೆ ಅಷ್ಟರೊಳಗೆ ನಾಲ್ಕಾರು ಮಂದಿ ಅದನ್ನು ತಮ್ಮ ತಮ್ಮ ಪುಟಗಳಿಗೆ ಹಂಚಿಕೊಂಡು, ಇನ್ನು ಕೆಲವರು ಇಳಿಸಿಕೊಂಡು ಹೊಸದಾಗಿ ಹಾಕಿದ್ದರು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದವರು ಸುಮಾರು 60 ಗಂಟೆಗಳೊಳಗೆ ಎಲ್ಲರಿಗೂ ಅಳಿಸುವ ಅವಕಾಶವಿದೆ, ಗುಂಪಿನ ಅಡ್ಮಿನ್ ಕೂಡ ಅಳಿಸಬಹುದು. ಆದರೆ ಅಳಿಸಿದ್ದು ಗುಂಪಿನೊಳಗಿನ ಸಂದೇಶವೇ ಹೊರತು, ಅದನ್ನು ಈಗಾಗಲೇ ತಮ್ಮ ಫೋನಿನ ಗ್ಯಾಲರಿಯಲ್ಲಿ ಉಳಿಸಿಕೊಂಡವರ ಪ್ರತಿಯಲ್ಲ, ಅಲ್ಲಿಂದ ಮನೆಯವರ ಗುಂಪಿಗೆ, ಸಂಘದ ಗುಂಪಿಗೆ ಮುಂದೆ ಹೋದ ಪ್ರತಿಗಳೂ ಅಲ್ಲ. ಒಬ್ಬೊಬ್ಬರಿಗೂ ಕರೆ ಮಾಡಿ ಅಳಿಸಿರಿ ಎಂದು ಕೇಳಿಕೊಂಡೆ. ಕೇಳಿಕೊಂಡಾಗಲೆಲ್ಲ ಎದುರಿನವರು ಮೊದಲು ಕೇಳಿದ್ದು ‘ಯಾಕ್ರಿ, ಏನಾತು’ ಎಂದು. ಒಬ್ಬರು ಕಾಣಿಸಿಕೊಳ್ಳಬಾರದೆಂದು ಬಯಸಿದ್ದರು, ನನ್ನ ಪರಿಹಾರದ ಪ್ರಯತ್ನವೇ ಅವರ ಕಡೆಗೆ ಮೂವತ್ತು ನಲವತ್ತು ಮಂದಿಯ ಬೆರಳು ತೋರಿಸಿದಂತಾಯಿತು. ಪತ್ರಿಕೆಯ ಜಿಲ್ಲಾ ಪುಟ ಆಗಲೇ ಮುದ್ರಣಕ್ಕೆ ಹೋಗಿತ್ತು. ಮರುದಿನ ಬೆಳಿಗ್ಗೆ ಫೋಟೊ ಬಂತು, ಎರಡನೆಯ ಸಾಲಿನ ತುದಿ ಚೆನ್ನಾಗಿಯೇ ಕಾಣುತ್ತಿತ್ತು.

ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ಕೂಗಿದ ಅತಿಥಿಗಳು ಸಜ್ಜನರು, ಕೈ ಹಿಡಿದು ಕರೆತಂದ ಇಬ್ಬರೂ ಅವರನ್ನು ಹೊರಗಿಡಬಾರದೆಂಬ ಪ್ರೀತಿಯಿಂದಲೇ ಹಾಗೆ ಮಾಡಿದವರು. ಹಾಗಿದ್ದೂ ಇದು ಹೇಗಾಯಿತು ಎಂದು ಬಹಳ ದಿನ ಯೋಚಿಸಿದೆ. ನಮ್ಮ ಕಡೆಯ ಊಟದ ಪಂಕ್ತಿಯನ್ನು ನೆನೆಸಿಕೊಂಡಾಗ ನನಗೆ ಅದರ ಬೇರು ಸಿಕ್ಕಂತಾಯಿತು. ನಮ್ಮಲ್ಲಿ ಉಣ್ಣುವವರು ‘ಸಾಕ್ರಿ’ ಎಂದರೆ ಬಡಿಸುವವರು ಅದನ್ನು ಸಾಕು ಎಂದು ತಿಳಿಯುವುದಿಲ್ಲ. ಎಲೆಗೆ ಅಂಗೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಇನ್ನೊಂದು ಹೋಳಿಗೆ ಬೀಳುತ್ತದೆ, ಅದರ ಮೇಲೆ ತುಪ್ಪವೂ ಬೀಳುತ್ತದೆ. ಮೊದಲ ಬಾರಿ ಬೇಡವೆನ್ನುವುದು ಅತಿಥಿಯ ಮರ್ಯಾದೆ, ಕೇಳದಂತೆ ಬಡಿಸುವುದು ಮನೆಯವರ ಮರ್ಯಾದೆ. ಈ ಉಪಚಾರ ನನಗೆ ಪ್ರಿಯವಾದದ್ದು, ಅದು ಇಲ್ಲದ ಊಟ ನನಗೆ ಊಟವೆನಿಸುವುದಿಲ್ಲ. ಆದರೆ ಅದೇ ಕಿವಿಯಿಂದ ನಾವು ಎಲ್ಲ ‘ಬ್ಯಾಡ್ರಿ’ಗಳನ್ನೂ ಕೇಳುತ್ತಿದ್ದೇವೆ. ವೇದಿಕೆಗೆ ಬರಲು ಒಲ್ಲೆನೆಂದವರನ್ನು ಎಳೆದು ತರುತ್ತೇವೆ, ಶಾಲು ಬೇಡವೆಂದವರಿಗೆ ಹೊದಿಸುತ್ತೇವೆ, ಫೋಟೊ ಬೇಡವೆಂದವರಲ್ಲಿ ನಾಚಿಕೆಯನ್ನಷ್ಟೇ ಕಾಣುತ್ತೇವೆ. ಹೋಳಿಗೆಯ ವಿಷಯದಲ್ಲಿ ತಪ್ಪು ತಿಳಿದರೆ ಹೆಚ್ಚೆಂದರೆ ಎಲೆಯಲ್ಲಿ ಒಂದು ಹೋಳಿಗೆ ಉಳಿಯುತ್ತದೆ. ಫೋಟೊದ ವಿಷಯದಲ್ಲಿ ಉಳಿಯುವುದು ಬೇರೆಯೇ.

ಅವರು ಏಕೆ ಬೇಡವೆಂದರು ಎಂದು ನಾನು ಕೇಳಲಿಲ್ಲ. ಕೇಳದಿರುವುದು ನನಗೆ ಸುಲಭವಾಗಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಎಷ್ಟೋ ದಿನ ಮನಸ್ಸು ತಾನೇ ಕಾರಣಗಳನ್ನು ಕಟ್ಟುತ್ತಿತ್ತು. ಬಿಟ್ಟುಬಂದ ಮನೆಯ ಭಯವಿರಬಹುದೇ, ಯಾರಾದರೂ ಹಿಂದೆ ಅವರ ಚಿತ್ರವನ್ನು ತಿದ್ದಿ ಕೆಟ್ಟದಾಗಿ ಬಳಸಿರಬಹುದೇ, ಮನೆಯಲ್ಲಿ ಸಾವು ಸಂಭವಿಸಿ ವರ್ಷ ತುಂಬಿಲ್ಲವೇ, ಮತದ ಆಚರಣೆಯೇ, ಚಿಕಿತ್ಸೆಯಲ್ಲಿದ್ದಾರೆಯೇ, ಅಥವಾ ತಮ್ಮ ಮುಖ ಫೋಟೊದಲ್ಲಿ ಅವರಿಗೆ ಇಷ್ಟವಾಗುವುದಿಲ್ಲವೇ ಎಂದು. ಒಂದು ದಿನ ಈ ಊಹೆಯ ಚಟವನ್ನು ನಾನೇ ಗಮನಿಸಿದೆ. ನಾನು ಮಾಡುತ್ತಿದ್ದದ್ದು ತಕ್ಕಡಿ ತೂಗುವ ಕೆಲಸವಾಗಿತ್ತು. ಭಯವಿದ್ದರೆ ನನ್ನ ತಪ್ಪು ದೊಡ್ಡದು, ಬರಿಯ ಇಷ್ಟವಿಲ್ಲದಿದ್ದರೆ ಚಿಕ್ಕದು ಎಂದು ನನ್ನ ಒಳಗೇ ಒಂದು ಪಟ್ಟಿ ತಯಾರಾಗುತ್ತಿತ್ತು. ಹಾಗೆ ಪಟ್ಟಿ ಮಾಡಲು ಹೊರಟರೆ ಬೇಡವೆನ್ನುವ ಪ್ರತಿಯೊಬ್ಬರೂ ತಮ್ಮ ಬದುಕಿನ ಅತ್ಯಂತ ಕಷ್ಟದ ಸಂಗತಿಯನ್ನು ನೋಂದಣಿ ಮೇಜಿನ ಮೇಲೆ ಇಟ್ಟು ಅರ್ಹತೆ ತೋರಿಸಬೇಕಾಗುತ್ತದೆ. ನಿಜವಾದ ಅಪಾಯದಲ್ಲಿರುವವರು ಅದನ್ನು ಹೇಳುವವರೇ ಅಲ್ಲ. ಹೇಳಿದರೆ ಯಾವುದನ್ನು ಮುಚ್ಚಿಡಬೇಕಾಗಿತ್ತೋ ಅದೇ ಬಯಲಾಗುತ್ತದೆ. ಆದ್ದರಿಂದ ಏನೂ ಕಾರಣವಿಲ್ಲದೆ ಬೇಡವೆನ್ನುವವರ ಮಾತಿಗೆ ನಾವು ಬೆಲೆ ಕೊಟ್ಟರೆ ಮಾತ್ರ, ಹೇಳಲಾಗದ ಕಾರಣವುಳ್ಳವರೂ ಅದೇ ಸಾಲಿನಲ್ಲಿ ಗುರುತಿಲ್ಲದೆ ನಿಲ್ಲಬಹುದು.

ಬೆಳಗಾವಿಯಲ್ಲಿ ಸಮಾಜಕಾರ್ಯದ ತರಬೇತಿಗಳನ್ನು ನಡೆಸುವ ಗೆಳತಿಯೊಬ್ಬರಿಗೆ ಇದನ್ನು ಹೇಳಿದಾಗ, ಅವರ ಕ್ಷೇತ್ರದಲ್ಲಿ ಇದು ಹೊಸ ಮಾತೇ ಅಲ್ಲ ಎಂದರು. ಬಾಲ್ಯವಿವಾಹ ತಡೆಯಲು ಹಳ್ಳಿಗಳಿಗೆ ಹೋಗುವ, ದೇವದಾಸಿ ಪದ್ಧತಿಗೆ ಸಿಲುಕಿದ್ದ ಕುಟುಂಬಗಳೊಡನೆ ಕೆಲಸ ಮಾಡುವ ಕಾರ್ಯಕರ್ತೆಯರ ಮುಖ ‘ಇಂಥ ವಿಷಯದ ತರಬೇತಿ’ ಎಂದು ಬರೆದ ಬ್ಯಾನರಿನ ಕೆಳಗೆ ಊರೂರು ಸುತ್ತಿದರೆ, ಮರುದಿನ ಅವರು ಹೋಗುವ ಮನೆಯ ಬಾಗಿಲು ತೆರೆಯುವುದಿಲ್ಲ. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯಾದ ಮೇಲೆ ಆ ಆಚರಣೆ ಗುಟ್ಟಿನಲ್ಲಿ ಅಡಗಿಕೊಂಡಿತು, ಅದನ್ನು ಹುಡುಕಿಕೊಂಡು ಹೋಗುವವರೂ ಸದ್ದಿಲ್ಲದೆ ಹೋಗಬೇಕಾಗುತ್ತದೆ ಎಂದು ಅವರು ಹೇಳಿದರು. ವೃತ್ತಿಯ ಸಭೆಗೆ ಬಂದವರ ಮುಖವನ್ನು ತೋರಿಸುವುದು ಅವರ ವೃತ್ತಿಗೇ ತೊಡಕಾಗಬಹುದು ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ನಮ್ಮ ಸಭೆಗಳು ಇಷ್ಟೊಂದು ಫೋಟೊಕ್ಕೆ ಹಸಿದಿರುವುದಕ್ಕೆ ಮೆಚ್ಚುಗೆಯ ಆಸೆಯೊಂದೇ ಕಾರಣವಲ್ಲ, ಕಡತವೂ ಕಾರಣ. ಕಾಲೇಜುಗಳ ಗುಣಮಟ್ಟ ಅಳೆದು ಶ್ರೇಣಿ, ಮಾನ್ಯತೆ ಕೊಡಲು 1994ರಲ್ಲಿ ಸ್ಥಾಪನೆಯಾದ ನ್ಯಾಕ್ ಸಂಸ್ಥೆಯ ಮೌಲ್ಯಮಾಪನಕ್ಕೆ ಕಾಲೇಜುಗಳು ಸಲ್ಲಿಸುವ ದಾಖಲೆಗಳಲ್ಲಿ ಜಿಯೊಟ್ಯಾಗ್ ಮಾಡಿದ, ಎಂದರೆ ತೆಗೆದ ಸ್ಥಳದ ಗುರುತಿರುವ, ಫೋಟೊಗಳಿಗೆ ದೊಡ್ಡ ಸ್ಥಾನವಿದೆ. ಆದ್ದರಿಂದ ನಮ್ಮಲ್ಲಿ ಈಗ ಗಿಡ ನೆಟ್ಟರೂ, ಉಪನ್ಯಾಸ ಮಾಡಿದರೂ, ಹತ್ತು ಜನ ಕುಳಿತು ಚರ್ಚಿಸಿದರೂ, ಅಕ್ಷಾಂಶ, ರೇಖಾಂಶ, ವಿಳಾಸ, ದಿನಾಂಕ, ನಿಮಿಷಗಳನ್ನು ಚಿತ್ರದ ಕೆಳಗೇ ಅಚ್ಚೊತ್ತುವ ಆ್ಯಪ್ ಒಂದನ್ನು ಯಾರಾದರೂ ತೆರೆದಿರುತ್ತಾರೆ. ಪುರಾವೆಯ ಅಗತ್ಯವನ್ನು ನಾನು ತಳ್ಳಿಹಾಕುವವನಲ್ಲ, ನಡೆಯದ ಕಾರ್ಯಕ್ರಮಗಳನ್ನು ಕಾಗದದ ಮೇಲೆ ನಡೆಸಿದವರಿಂದಲೇ ಈ ಬೇಡಿಕೆ ಹುಟ್ಟಿದೆ. ಆದರೆ ಸಾಮಾನ್ಯ ಫೋಟೊದೊಳಗೆ ಅಡಗಿರುವ ಸ್ಥಳದ ಮಾಹಿತಿ ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದಾಗ ಕಳಚಿಹೋಗುತ್ತದೆ, ಚಿತ್ರದ ಮೇಲೆಯೇ ಅಚ್ಚಾದದ್ದು ಎಲ್ಲಿಯೂ ಕಳಚುವುದಿಲ್ಲ. ಇಂಥವರು, ಇಂಥ ದಿನ, ಇಷ್ಟು ಗಂಟೆಗೆ, ಇಂಥ ಕಟ್ಟಡದಲ್ಲಿದ್ದರು ಎಂದು ಮುಖಸಮೇತ ಬರೆದುಕೊಟ್ಟಂತೆ ಅದು ಸುತ್ತುತ್ತದೆ. ಕಾರ್ಯಕ್ರಮ ನಡೆಯಿತು ಎಂದು ತೋರಿಸಲು ವೇದಿಕೆ, ಬ್ಯಾನರ್, ಸಭಾಂಗಣವನ್ನು ಹಿಂದಿನಿಂದ ತೆಗೆದ ಚಿತ್ರ, ಸಹಿ ಮಾಡಿದ ಹಾಜರಿ ಪುಸ್ತಕ ಇಷ್ಟಿದ್ದರೆ ಸಾಲದೇ? ನಮ್ಮ ಅನುಭವದಲ್ಲಿ ಸಾಕಾಗಿದೆ. ಪ್ರತಿಯೊಬ್ಬರ ಮುಖ ಬೇಕೆಂದು ನಮ್ಮನ್ನು ಇಂದಿನವರೆಗೆ ಯಾರೂ ಕೇಳಿಲ್ಲ, ಬೇಕೆಂದು ನಾವೇ ಅಂದುಕೊಂಡಿದ್ದೆವು.

ಮುಖ ಎಂಬುದು ಈಗ ಹುಡುಕುವ ಕೀಲಿಯೂ ಆಗಿದೆ. ಹಿಂದೆ ಗ್ರೂಪ್ ಫೋಟೊದ ಕೆಳಗೆ ಹೆಸರು ಬರೆಯದಿದ್ದರೆ ಅಪರಿಚಿತರಿಗೆ ಅದು ಬರಿಯ ಮುಖಗಳ ಸಾಲು. ಫೇಸ್‌ಬುಕ್ ತನ್ನ ಮುಖ ಗುರುತಿಸುವ ವ್ಯವಸ್ಥೆಯನ್ನು ನಿಲ್ಲಿಸುವುದಾಗಿ 2021ರ ನವೆಂಬರ್‌ನಲ್ಲಿ ಪ್ರಕಟಿಸಿದಾಗ, 100 ಕೋಟಿಗೂ ಹೆಚ್ಚು ಜನರ ಮುಖದ ಅಚ್ಚುಗಳನ್ನು ಅಳಿಸುವುದಾಗಿ ಹೇಳಿತು. ಅಷ್ಟು ಮುಖಗಳು ಅಲ್ಲಿಯವರೆಗೆ ಅದರ ಬಳಿ ಇದ್ದವು ಎಂಬುದನ್ನು ನಾವು ಅಳಿಸುವಾಗ ಗಮನಿಸಿದೆವು. ಕ್ಲಿಯರ್‌ವ್ಯೂ ಎಂಬ ಕಂಪನಿ ಜಾಲದಲ್ಲಿ ಬಿದ್ದಿದ್ದ ಕೋಟಿಗಟ್ಟಲೆ ಚಿತ್ರಗಳನ್ನು ಯಾರನ್ನೂ ಕೇಳದೆ ಬಾಚಿಕೊಂಡು ಮುಖದಿಂದ ವ್ಯಕ್ತಿಯನ್ನು ಹುಡುಕುವ ಸಾಧನ ಕಟ್ಟಿದ್ದು 2020ರಲ್ಲಿ ಬಯಲಾಯಿತು. ಕಾಲೇಜಿನ ಮೆಟ್ಟಿಲ ಮೇಲಿನ ಚಿತ್ರವೂ ಅಂಥ ರಾಶಿಗೆ ಸೇರಬಲ್ಲ ಚಿತ್ರವೇ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಸಂವಿಧಾನದ 21ನೆಯ ವಿಧಿ ಕೊಡುವ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಒಮ್ಮತದಿಂದ ಹೇಳಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆಯ ಸಂಗತಿ. ಅದರ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆಯು ಒತ್ತಾಯವಿಲ್ಲದ್ದು, ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟದ್ದು, ತಿಳಿದು ಕೊಟ್ಟದ್ದು ಆಗಿರಬೇಕು ಮತ್ತು ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು. ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ತಮಗೆ ಬೇಕಾದುದರಲ್ಲಿ ತಿಳಿವಳಿಕೆ ಪತ್ರ ಪಡೆಯುವ ಆಯ್ಕೆಯೂ ಜನರಿಗಿದೆ, ಎಂದರೆ ಕನ್ನಡದಲ್ಲಿಯೂ. ಮನೆಯ ಬಳಕೆಗಾಗಿ ತೆಗೆದುಕೊಂಡ ಫೋಟೊಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಸಂಸ್ಥೆಯೊಂದು ತನ್ನ ಪ್ರಚಾರಕ್ಕೆ ಹಾಕುವ ಫೋಟೊ ಮನೆಯ ಬಳಕೆಯಲ್ಲ. ಆದರೆ ಅಂದು ಮೆಟ್ಟಿಲ ಮೇಲೆ ನಾನು ಮುರಿದದ್ದು ಕೊಟ್ಟ ಮಾತನ್ನು. ಯಾವ ಕಾಯ್ದೆಯೂ ಇಲ್ಲದಿದ್ದರೂ ಅದು ತಪ್ಪೇ ಆಗಿರುತ್ತಿತ್ತು.

ನಮ್ಮ ವೃತ್ತಿಗಂತೂ ಇದು ಹೊಸ ಪಾಠವಾಗಬಾರದಿತ್ತು. ಯಾರು ಯಾವ ಪುಸ್ತಕ ಒಯ್ದರು ಎಂಬುದನ್ನು ಇನ್ನೊಬ್ಬರಿಗೆ ಹೇಳದಿರುವುದು ಗ್ರಂಥಪಾಲಕನ ಮೊದಲ ಶಿಸ್ತು. ಓದುಗರ ಖಾಸಗಿ ಸಂಗತಿಗಳನ್ನು ಗೌಪ್ಯವಾಗಿಡಬೇಕೆಂದು ಅಮೆರಿಕದ ಗ್ರಂಥಾಲಯ ಸಂಘ 1939ರಲ್ಲಿಯೇ ತನ್ನ ನೀತಿಸಂಹಿತೆಯಲ್ಲಿ ಬರೆದುಕೊಂಡಿತ್ತು. ತಂದೆಯೊಬ್ಬರು ಬಂದು ‘ನನ್ನ ಮಗಳು ಏನ್ ಓದಾಕತ್ತಾಳ್ರಿ’ ಎಂದು ಕೇಳಿದಾಗ, ಅವರಿಗೆ ನೋವಾಗದಂತೆ ಆದರೆ ಏನೂ ಹೇಳದಂತೆ ಕಳಿಸುವುದನ್ನು ನಾನು ಇಪ್ಪತ್ತು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಓದುವವರ ಗುಟ್ಟನ್ನು ಇಷ್ಟು ಜೋಪಾನ ಮಾಡುವ ನಾವು ನಮ್ಮದೇ ಸಭೆಗೆ ಬಂದ ಸಹೋದ್ಯೋಗಿಯ ಮಾತನ್ನು ಅದೇ ಕಣ್ಣಿನಿಂದ ನೋಡಲಿಲ್ಲ ಎಂಬುದು ನನಗೆ ಬಹಳ ನೋವು ಕೊಟ್ಟ ಸಂಗತಿ.

ಇದಕ್ಕೆ ಎದುರು ಮಾತು ಬಂದದ್ದೂ ಒಬ್ಬ ದಾಖಲೆ ಪ್ರೇಮಿಯಿಂದಲೇ. ಇತಿಹಾಸ ಕಲಿಸಿ ನಿವೃತ್ತರಾದ ಬೆಳಗಾವಿಯ ಹಿರಿಯರೊಬ್ಬರು ನನಗೆ ಹೇಳಿದರು: 1924ರ ಡಿಸೆಂಬರ್‌ನಲ್ಲಿ ಟಿಳಕವಾಡಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ, ಅಂದಿನ ಫೋಟೊಗಳು ಇಲ್ಲದಿದ್ದರೆ ನಮ್ಮ ಕಣ್ಣಿಗೆ ಅದರ ಏನು ಉಳಿಯುತ್ತಿತ್ತು, ಎಲ್ಲರೂ ಬೇಡ ಬೇಡ ಎಂದರೆ ನಾಳೆಯ ಇತಿಹಾಸಕ್ಕೆ ಬರಿಯ ಖಾಲಿ ಕುರ್ಚಿಗಳ ಚಿತ್ರ ಸಿಗುತ್ತದೆ ಎಂದು. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ದಾಖಲೆ ಉಳಿಸುವುದೇ ನನ್ನ ಸಂಬಳದ ಕೆಲಸ. ಆದರೂ ನನಗೆ ಎರಡು ಸಂಗತಿಗಳು ಬೇರೆಯಾಗಿ ಕಾಣುತ್ತವೆ. ಆಗಿನ ಚಿತ್ರ ತೆಗೆದವರ ಕೈಯಲ್ಲಿ, ಸಂಸ್ಥೆಯ ಪೆಟ್ಟಿಗೆಯಲ್ಲಿ ವರ್ಷಾನುಗಟ್ಟಲೆ ಇದ್ದು ನಿಧಾನವಾಗಿ ಇತಿಹಾಸವಾಯಿತು. ಈಗಿನದು ಅರ್ಧ ಗಂಟೆಯಲ್ಲಿ ಅಪರಿಚಿತರ ಅಂಗೈಗೆ ಹೋಗುತ್ತದೆ. ಜೊತೆಗೆ ನಾನು ಹೇಳುತ್ತಿರುವುದು ಬೇಡವೆಂದ ಕೆಲವರ ಮಾತನ್ನು ನಡೆಸುವ ವಿಚಾರ, ಎಲ್ಲರ ಚಿತ್ರ ನಿಲ್ಲಿಸುವ ವಿಚಾರವಲ್ಲ. ಉಳಿದವರು ಸಂತೋಷವಾಗಿ ನಿಲ್ಲುತ್ತಾರೆ, ನಿಂತಿದ್ದಾರೆ. ಆ ಗ್ರಂಥಪಾಲಕಿಯ ವಿಷಯದಲ್ಲಿ ಇತಿಹಾಸಕ್ಕೆ ಬೇಕಾಗಿದ್ದದ್ದು ಅವರ ಮುಖವಲ್ಲ, ಹಾವಿನ ಕಿವಿಯ ಪ್ರಶ್ನೆಗೆ ಪುಸ್ತಕ ಜೋಡಿಸುವ ಅವರ ಯೋಚನೆ. ನಮ್ಮ ಕಾರ್ಯಾಗಾರದ ಕಡತದಲ್ಲಿ ಮುಖ ಇದೆ, ಯೋಚನೆಯನ್ನು ಯಾರೂ ಬರೆದುಕೊಳ್ಳಲಿಲ್ಲ. ಹಿರಿಯರು ಇದಕ್ಕೆ ಪೂರ್ತಿ ಒಪ್ಪಲಿಲ್ಲ.

ಮುಂದಿನ ವರ್ಷ ಆಗಸ್ಟ್ 12ಕ್ಕೆ, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ಜನ್ಮದಿನವಾದ ಗ್ರಂಥಪಾಲಕರ ದಿನಕ್ಕೆ, ಒಂದು ದಿನದ ಸಭೆ ಮಾಡುವಾಗ ನಾವು ಮೊದಲು ಕುಳಿತು ಈ ವಿಷಯ ಚರ್ಚಿಸಿದೆವು. ಹೊರಗಿನ ಕೆಲವು ರೂಢಿಗಳನ್ನು ಓದಿಕೊಂಡಿದ್ದೆ. ಮುಕ್ತ ತಂತ್ರಜ್ಞಾನದಲ್ಲಿ ತೊಡಗಿದ ಮಹಿಳೆಯರಿಗಾಗಿ 2011ರಲ್ಲಿ ಆರಂಭವಾಗಿದ್ದ ಅಡಾ ಇನಿಶಿಯೇಟಿವ್ ಎಂಬ ಸಂಸ್ಥೆ ತನ್ನ ಅಡಾಕ್ಯಾಂಪ್ ಸಮಾವೇಶಗಳಲ್ಲಿ ಗುರುತಿನ ಚೀಟಿಯ ಕೊರಳಪಟ್ಟಿಗೆ ಮೂರು ಬಣ್ಣ ಇಟ್ಟಿತ್ತು: ಹಸಿರಾದರೆ ಫೋಟೊ ತೆಗೆಯಬಹುದು, ಹಳದಿಯಾದರೆ ಕೇಳಿ ತೆಗೆಯಬೇಕು, ಕೆಂಪಾದರೆ ತೆಗೆಯಲೇಬಾರದು. ಜರ್ಮನಿಯ ಕಂಪ್ಯೂಟರ್ ತಜ್ಞರ ವಾರ್ಷಿಕ ಕೂಟವಾದ ಕೇಯಾಸ್ ಕಾಂಗ್ರೆಸ್‌ನಲ್ಲಿ ಚಿತ್ರದ ಚೌಕಟ್ಟಿನೊಳಗೆ ಬರುವ ಪ್ರತಿಯೊಬ್ಬರನ್ನೂ ಮೊದಲು ಕೇಳಬೇಕೆಂಬುದು ನಿಯಮ. ಬಣ್ಣದ ಉಪಾಯ ನಮಗೆ ಹಿಡಿಸಿತು. ಆದರೆ ಆ ಬಣ್ಣಗಳನ್ನು ಹಾಗೆಯೇ ನಮ್ಮ ಊರಿಗೆ ತರುವಂತಿರಲಿಲ್ಲ. ಕೇಸರಿ, ಹಸಿರು, ನೀಲಿ ಒಂದೊಂದಕ್ಕೂ ನಮ್ಮಲ್ಲಿ ಬೇರೆಯೇ ಅರ್ಥವಿದೆ, ಕೊರಳಿಗೆ ಹಾಕಿಕೊಂಡವರನ್ನು ಯಾವುದೋ ಒಂದು ಕಡೆಯವರೆಂದು ಓದುತ್ತಾರೆ. ಕೆಂಪು ಹಳದಿ ಕೂಡಿದರೆ ರಾಜ್ಯೋತ್ಸವ. ಕಪ್ಪು ಶುಭಕಾರ್ಯಕ್ಕೆ ಬೇಡವೆಂದು ಹಿರಿಯ ಸಹೋದ್ಯೋಗಿನಿಯೊಬ್ಬರು ಹೇಳಿದರು. ಕೊನೆಗೆ ಬಿಳಿ ಮತ್ತು ಕಂದು ಎಂದು ತೀರ್ಮಾನವಾಯಿತು. ಬಿಳಿ ಎಂದರೆ ತೆಗೆಯಬಹುದು, ಕಂದು ಎಂದರೆ ಬೇಡ. ಮಧ್ಯದ ‘ಕೇಳಿ ತೆಗೆಯಿರಿ’ ಎಂಬ ಬಣ್ಣವನ್ನು ನಾವು ಬೇಕೆಂದೇ ಬಿಟ್ಟೆವು. ನಮ್ಮಲ್ಲಿ ಎದುರು ನಿಂತು ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ ಎಂದು ನನಗೆ ಮೆಟ್ಟಿಲುಗಳ ಮೇಲೆಯೇ ಗೊತ್ತಾಗಿತ್ತು.

ನೋಂದಣಿಯ ಗೂಗಲ್ ಫಾರ್ಮಿನಲ್ಲಿ ಕನ್ನಡದಲ್ಲಿಯೇ ಒಂದು ಪ್ರಶ್ನೆ ಸೇರಿಸಿದೆವು. ಮೊದಲ ಕರಡಿನಲ್ಲಿ ಅದರ ಕೆಳಗೆ ‘ಕಾರಣ’ ಎಂಬ ಕಾಲಮ್ ತಾನಾಗಿಯೇ ಬಂದು ಕುಳಿತಿತ್ತು, ರಜೆ ಅರ್ಜಿ ತುಂಬಿ ತುಂಬಿ ನಮ್ಮ ಕೈ ಹಾಗೆ ಪಳಗಿಬಿಟ್ಟಿದೆ. ಅದನ್ನು ತೆಗೆದುಹಾಕಿದೆವು. ಇನ್ನೊಂದು ತೊಡಕು ನಮಗೆ ಮೊದಲೇ ಹೊಳೆದದ್ದು ಒಳ್ಳೆಯದಾಯಿತು. ಕಂದು ಪಟ್ಟಿ ಧರಿಸಿದವರು ಇಬ್ಬರೋ ಮೂವರೋ ಆದರೆ ಪಟ್ಟಿಯೇ ಅವರನ್ನು ಎತ್ತಿ ತೋರಿಸುತ್ತದೆ. ಆದ್ದರಿಂದ ನಾನು ಕಂದು ಹಾಕಿಕೊಂಡೆ, ಸಂಘಟಕರಲ್ಲಿ ಇನ್ನೂ ಕೆಲವರು ಹಾಕಿಕೊಂಡರು, ಅತಿಥಿಗಳಾಗಿ ಬಂದಿದ್ದ ಹಿರಿಯ ಪ್ರಾಧ್ಯಾಪಕರಿಗೆ ವಿಷಯ ತಿಳಿಸಿದಾಗ ಅವರೂ ಕಂದನ್ನೇ ಕೇಳಿ ಪಡೆದರು. ಇದು ಹೆಣ್ಣುಮಕ್ಕಳ ವಿಷಯವೆಂದು ತಿಳಿದಿದ್ದ ನನಗೆ, ಕಂದು ಪಟ್ಟಿ ಆರಿಸಿಕೊಂಡವರಲ್ಲಿ ಗಂಡಸರೂ ಇದ್ದದ್ದು ಆಶ್ಚರ್ಯ ತಂದಿತು. ಅವರಲ್ಲೊಬ್ಬರು ನನ್ನ ಹತ್ತಿರ ಬಂದು, “ಹಿಂಗ ಒಂದ ಇಟ್ರಲ್ಲ, ಚೊಲೊ ಮಾಡಿದ್ರಿ ಸರ” ಎಂದು ಹೇಳಿ ಹೋದರು. ಅವರನ್ನೂ ನಾನು ಏನೂ ಕೇಳಲಿಲ್ಲ.

ಎಲ್ಲಕ್ಕಿಂತ ಉಪಯುಕ್ತವಾದ ಸಲಹೆ ಬಂದದ್ದು ಫೋಟೊಗ್ರಾಫರರಿಂದ. ಹಿಂದಿನ ಕಾರ್ಯಾಗಾರಕ್ಕೆ ಬಂದವರನ್ನೇ ಮತ್ತೆ ಕರೆಸಿ, ನಡೆದದ್ದನ್ನು ಹೇಳಿದೆ. ಅವರು ಬೇಸರದಿಂದ, “ಸರ, ನನಗ ಅವತ್ತ ಹೇಳಿದ್ರ ಆ ಕಡೆ ಕ್ಯಾಮೆರಾನ ತಿರಗಸ್ತಿದ್ದಿಲ್ಲರಿ. ಮದವಿ ಮನ್ಯಾಗ ನಮಗ ದಿನಾ ಇರೂದ ಇದು” ಎಂದರು. ಮದುವೆಯಲ್ಲಿ ಯಾರನ್ನು ಬಿಡಬೇಕು, ಯಾವ ಕಡೆಯ ಹೆಂಗಸರ ಕೋಣೆಗೆ ಹೋಗಬಾರದು ಎಂದು ಮನೆಯವರು ಮೊದಲೇ ಹೇಳಿಡುತ್ತಾರಂತೆ. ಪಟ್ಟಿಯ ಬಣ್ಣ ಮುಂದಿನಿಂದ ಮಾತ್ರ ಕಾಣುತ್ತದೆ, ಸೆರಗು ಹೊದ್ದರೆ ಅದೂ ಕಾಣುವುದಿಲ್ಲ, ಆದ್ದರಿಂದ ಸಭಾಂಗಣದ ಒಂದು ಬದಿಯ ಸಾಲುಗಳನ್ನೇ ಕ್ಯಾಮೆರಾ ತಿರುಗದ ಜಾಗವೆಂದು ಬಿಟ್ಟುಬಿಡಿ ಎಂದು ಅವರೇ ಸೂಚಿಸಿದರು. ಬಾಗಿಲಿಗೆ ಮತ್ತು ಊಟಕ್ಕೆ ಹತ್ತಿರವಿದ್ದ ಎಡಗಡೆಯ ಸಾಲುಗಳನ್ನು ಹಾಗೆ ಬಿಟ್ಟೆವು. ಮೂಲೆಗೆ ತಳ್ಳಿದಂತೆ ಆಗಬಾರದೆಂಬುದು ನಮ್ಮ ಲೆಕ್ಕಾಚಾರವಾಗಿತ್ತು. ಯೂಟ್ಯೂಬಿಗೆ ಹೋಗುವ ವಿಡಿಯೊದ ಕ್ಯಾಮೆರಾ ವೇದಿಕೆಯ ಮೇಲೆ ಮಾತ್ರ ನೆಟ್ಟಿರಲಿ, ಪ್ರಶ್ನೆ ಕೇಳುವವರ ಕಡೆ ತಿರುಗದಿರಲಿ ಎಂದೂ ನಿಶ್ಚಯಿಸಿದೆವು. ಚೀಟಿಯಲ್ಲಿ ಬರೆದು ಕೊಟ್ಟ ಪ್ರಶ್ನೆಗಳನ್ನೂ ಓದಿದೆವು. ಆ ಸಭೆಯಲ್ಲಿ ಬಂದಷ್ಟು ಪ್ರಶ್ನೆಗಳು ಹಿಂದೆ ಎಂದೂ ಬಂದಿರಲಿಲ್ಲ.

ತೊಂದರೆಗಳು ಇಲ್ಲದಿರಲಿಲ್ಲ. ಪಾಲ್ಗೊಂಡವರ ಸ್ವಂತ ಮೊಬೈಲುಗಳನ್ನು ಯಾರೂ ಕಾಯಲಾರರು. ಊಟದ ಹೊತ್ತಿಗೆ ಸೆಲ್ಫಿಗಳು ಆರಂಭವಾದವು, ಒಂದೆರಡರಲ್ಲಿ ಕಂದು ಪಟ್ಟಿಯವರು ಹಿಂದೆ ಕಾಣಿಸಿಕೊಂಡರು. ಆರಂಭದಲ್ಲಿಯೇ ವೇದಿಕೆಯಿಂದ ಹೇಳಿದ್ದರಿಂದ, ತೆಗೆದವರು ತಾವೇ ನೋಡಿ ಅಳಿಸಿದರು ಎಂದು ತಿಳಿಯಿತು, ಎಲ್ಲರೂ ಅಳಿಸಿದರೋ ಎಂದು ಹೇಳಲಾರೆ. ಪ್ರಮಾಣಪತ್ರಗಳನ್ನು ಗ್ರೂಪ್ ಫೋಟೊಕ್ಕೆ ಮೊದಲೇ, ಕುಳಿತ ಜಾಗದಲ್ಲಿಯೇ ಹಂಚಿದೆವು. ಹಿಂದೆ ಫೋಟೊ ಮುಗಿದ ಮೇಲೆ ಮೆಟ್ಟಿಲ ಬುಡದಲ್ಲಿ ಹಂಚುವ ರೂಢಿಯಿತ್ತು, ಹೊರಡಬೇಕೆಂದವರನ್ನೂ ಅದು ಕಟ್ಟಿಹಾಕುತ್ತಿತ್ತು. ‘ಫೋಟೊಕ್ಕೆ ನಿಲ್ಲುವವರು ಹೊರಗೆ ಬನ್ನಿ, ಉಳಿದವರಿಗೆ ಒಳಗೆ ಚಹಾ ಇದೆ’ ಎಂದು ಘೋಷಿಸಿದೆವು. ಒಳಗೆ ಚಹಾ ಕುಡಿಯುತ್ತ ಕುಳಿತವರು ಯಾರ ಕಣ್ಣಿಗೂ ದೂರ ನಿಂತವರಂತೆ ಕಾಣಲಿಲ್ಲ. ಪತ್ರಿಕೆಗಳಿಗೆ ವೇದಿಕೆಯ ಚಿತ್ರವೊಂದನ್ನೇ ಕಳಿಸಿದೆವು, ಅವರು ಅದನ್ನೇ ಹಾಕಿದರು.

ಆ ಗ್ರಂಥಪಾಲಕಿಗೆ ಅಂದಿನ ಆಮಂತ್ರಣದ ಜೊತೆ ಕಂದು, ಬಿಳಿ ಪಟ್ಟಿಗಳ ವಿಷಯವನ್ನು ಬರೆದು ಕಳಿಸಿದ್ದೆ. ಅನಿವಾರ್ಯ ಕೆಲಸವಿದೆ, ಕಾರ್ಯಕ್ರಮ ಚೆನ್ನಾಗಿ ನಡೆಯಲಿ ಎಂದು ಉತ್ತರ ಬಂತು. ನಂತರದ ಪ್ರತಿ ಆಮಂತ್ರಣಕ್ಕೂ ಹೀಗೆಯೇ ವಿನಯದ ಉತ್ತರ ಬಂದಿದೆ, ಅವರು ಬಂದಿಲ್ಲ. ಅವರು ಹೇಳಿದ ರೀತಿಯಲ್ಲಿ ನಮ್ಮ ಗ್ರಂಥಾಲಯದ ಒಂದು ಕಪಾಟನ್ನು ಪ್ರಶ್ನೆಗಳ ಪ್ರಕಾರ ಜೋಡಿಸಿದ್ದೇವೆ. ಯಾರ ಯೋಚನೆ ಎಂದು ಅಲ್ಲಿ ಹೆಸರು ಬರೆಯಲೇ ಎಂದು ಸಂದೇಶ ಕಳಿಸಿ ಕೇಳಿದ್ದೆ. “ಹೆಸರೂ ಬ್ಯಾಡ್ರಿ ಸರ” ಎಂದರು. ಬರೆದಿಲ್ಲ.

ಆ ದಿನದ ಪತ್ರಿಕೆ ನಮ್ಮಲ್ಲಿಯೇ ಇದೆ. ಗ್ರಂಥಾಲಯದಲ್ಲಿ ತಿಂಗಳ ಪತ್ರಿಕೆಗಳನ್ನು ಒಟ್ಟುಮಾಡಿ ಬೈಂಡ್ ಮಾಡಿಸುತ್ತೇವೆ, ಆ ತಿಂಗಳ ಸಂಪುಟವೂ ಬೈಂಡ್ ಆಗಿ ಬಂದಿತು. ಪುಟ ಕತ್ತರಿಸುವುದು ನನ್ನ ಕೆಲಸಕ್ಕೆ ಸಲ್ಲದ್ದು, ಕತ್ತರಿಸಲಿಲ್ಲ. ಕಾಲೇಜಿನ ಸುದ್ದಿಗಳ ತುಣುಕುಗಳನ್ನು ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸುವಾಗ ಮಾತ್ರ ಆ ಒಂದು ತುಣುಕನ್ನು ಬಿಟ್ಟೆ, ಏಕೆ ಬಿಟ್ಟಿದೆ ಎಂದು ಕೇಳಿದವರಿಗೆ ಒಬ್ಬರ ಕೋರಿಕೆಯಂತೆ ಎಂದಷ್ಟೇ ಹೇಳಿದ್ದೇನೆ.